ತೋಳಿನ ಮ್ಯಾಲಿನ ಸಕ್ಕರಿ ಗುಂಡಿ

ಇಂಥವು ನನ್ನ ಕಣ್ಣೆದುರೇ ಯಾಕೆ ನಡೆಯುತ್ತವೆಯೋ ಗೊತ್ತಿಲ್ಲ. ಒಂದನ್ನು ನೆನೆದು ನಕ್ಕು ಮುಗಿಸುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಿರುತ್ತದೆ.

ನಾನು ಗಜೇಂದ್ರಗಡದ ಒಂದು ಸಕ್ಕರೆ ಕಾಯಿಲೆ ದವಾಖಾನೆಯಲ್ಲಿ ನರ್ಸು. ನಮ್ಮ ಡಾಕ್ಟರು ವಾರಕ್ಕೊಂದು ದಿನ ರೋಣದಲ್ಲಿ, ಇನ್ನೊಂದು ದಿನ ನರಗುಂದದಲ್ಲಿ ಕೂಡುತ್ತಾರೆ. ಕಾರಿನಲ್ಲಿ ಜಾಗ ಇದೆ ಬರ್ರಿ ಎಂದು ಅವರು ಕರೆದರೂ ನನಗೆ ಬಸ್ಸಿನ ಕಿಟಕಿಯೇ ಬೇಕು. ಗುಡ್ಡದ ಮೇಲೆ ಗಾಳಿಯಂತ್ರಗಳು ಸಾವಕಾಶ ತಿರುಗುತ್ತಿರುತ್ತವೆ, ಕೆಳಗೆ ಕಪ್ಪು ಮಣ್ಣಿನ ಎರೆ ಹೊಲ ಆಕಾಶ ಮುಟ್ಟುವವರೆಗೂ ಚಾಚಿಕೊಂಡಿರುತ್ತದೆ. ನೋಡುತ್ತ ನೋಡುತ್ತ ನಾನು ಎಲ್ಲೋ ಹೋಗಿಬಿಡುತ್ತೇನೆ. ಕಂಡಕ್ಟರು ಎಷ್ಟೋ ಸಲ ನನ್ನನ್ನು ಕನಸಿನಿಂದ ಎಬ್ಬಿಸಿ ಇಳಿಸಿದ್ದುಂಟು.

ಈಗೀಗ ನನ್ನ ಮುಖ್ಯ ಕೆಲಸ ಜನರ ತೋಳಿಗೆ ಸೆನ್ಸರ್ ಹಚ್ಚುವುದು. ಕೋಟಿನ ದೊಡ್ಡ ಗುಂಡಿಯಷ್ಟು ಅಗಲದ ಒಂದು ಬಿಳಿ ಬಿಲ್ಲೆ. ಅದರ ಹೊಟ್ಟೆಯಿಂದ ಕೂದಲಿನಂಥ ಎಳೆಯೊಂದು ಚರ್ಮದ ಕೆಳಗೆ ಹೋಗಿ ಕೂಡುತ್ತದೆ. ತೋಳಿನ ಹಿಂಬದಿಗೆ ಒಮ್ಮೆ ಟಕ್ ಎಂದು ಹಚ್ಚಿದರೆ ಎರಡು ವಾರ ಅಲ್ಲೇ. ಬೆರಳು ಚುಚ್ಚಿಕೊಳ್ಳುವ ಕಾಟ ಬಹಳಷ್ಟು ತಪ್ಪುತ್ತದೆ. ಸಕ್ಕರೆ ಎಷ್ಟಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಎಲ್ಲ ಫೋನಿನಲ್ಲಿ ಗೆರೆಯಾಗಿ ಹರಿಯುತ್ತಿರುತ್ತದೆ. ನಮ್ಮ ಕಡೆ ಸೆನ್ಸರ್ ಅಂತ ಯಾರೂ ಅನ್ನುವುದಿಲ್ಲ. ಗುಂಡಿ ಅಂತಾರೆ.

ಬಸ್ಸಿನಾಗ ಇರದ ಶುಗರ್

ಗುಂಡಿ ನಮ್ಮ ಕಡೆಗೆ ಹೊಸದಾಗಿ ಬಂದ ದಿನಗಳು. ಒಬ್ಬ ನಿವೃತ್ತ ಮಾಸ್ತರರಿಗೆ ಹಚ್ಚಿದ್ದೆ. ಅದು ಫೋನನ್ನು ತೋಳಿನ ಹತ್ತಿರ ಹಿಡಿದು ನೋಡುವ ನಮೂನೆಯದು. ಒಂದು ಮುಂಜಾನೆ ರೋಣದ ಬಸ್ಸಿನಲ್ಲಿ ಅವರು ನನಗಿಂತ ಮುಂದಿನ ಸೀಟಿನಲ್ಲಿ ಕೂತಿದ್ದರು. ಅಂಗಿಯ ತೋಳು ಏರಿಸಿ ಫೋನು ಹಿಡಿದರು. ಟುಂಯ್ ಎಂದಿತು.

ಪಕ್ಕದಲ್ಲಿ ಕೂತ ಹೆಣ್ಣುಮಗಳು ಬೆಚ್ಚಿ ಕೇಳಿದಳು: "ಏನ್ರಿ ಮಾಸ್ತರ ಅದು?"

"ಶುಗರ್ ನೋಡೂದವ್ವಾ. ಸೂಜಿ ಇಲ್ಲ, ರಕ್ತ ಇಲ್ಲ. ಹಿಂಗ ಹಿಡದ್ರ ಬಂತು."

"ಹಂಗಾರ ನಂದೂ ಒಂದೀಟು ನೋಡ್ರಿ."

ಹಾಗೆ ಬರುವುದಿಲ್ಲ, ತೋಳಿಗೆ ಗುಂಡಿ ಇರಬೇಕು ಎಂದು ಮಾಸ್ತರರು ಹೇಳಲು ಹೊರಟರು. ಅಷ್ಟರಲ್ಲಿ ಆಕೆ ಬಳೆ ಹಿಂದೆ ಸರಿಸಿ ಕೈ ಮುಂದೆ ಚಾಚಿಯಾಗಿತ್ತು. ಹೆಣ್ಣುಮಗಳ ಮನಸ್ಸು ಯಾಕೆ ಮುರಿಯಬೇಕೆಂದು ಅವರು ಫೋನು ಹಿಡಿದರು. ಸದ್ದಿಲ್ಲ.

"ಬಂತೇನ್ರಿ?"

"ಇಲ್ಲವ್ವಾ, ಬರಲಿಲ್ಲ."

"ಶುಗರ್ ಇಲ್ಲಂತ ನನಗ!" ಎಂದು ಆಕೆ ಇಡೀ ಬಸ್ಸಿಗೆ ಕೇಳುವಂತೆ ಸಾರಿದಳು.

ಕಿಟಕಿಗೆ ತಲೆ ಆನಿಸಿ ಅರ್ಧ ನಿದ್ದೆಯಲ್ಲಿದ್ದ ನನಗೆ ಮುಂದಿನದೆಲ್ಲ ಕನಸಿನಂತೆಯೇ ಕಂಡಿತು. ಬಸ್ಸಿನ ತುಂಬ ಎದ್ದ ಕೈಗಳು. ಬಳೆ ಇದ್ದವು, ಗಡಿಯಾರ ಇದ್ದವು, ಹಸಿರು ದಾರ ಕಟ್ಟಿದವು. ಮಾಸ್ತರರು ಸೀಟಿನಿಂದ ಸೀಟಿಗೆ ಹೋಗುತ್ತ ಒಂದೊಂದಕ್ಕೂ ಫೋನು ಹಿಡಿಯುತ್ತಿದ್ದಾರೆ, "ಇಲ್ಲ, ನಿಮಗೂ ಇಲ್ಲ" ಅನ್ನುತ್ತಿದ್ದಾರೆ. ಹೊರಗೆ ಸೂರ್ಯಕಾಂತಿ ಹೊಲ, ಒಳಗೆ ಅಷ್ಟೇ ಅರಳಿದ ಮುಖಗಳು. ನಾನು ಎದ್ದು ನಿಂತು, "ಹಂಗ ತಿಳಿಯಂಗಿಲ್ರಿ, ದವಾಖಾನಿಗೆ ಬಂದು ರಕ್ತ ತೋರಿಸ್ರಿ" ಎಂದು ಕೂಗಿದೆ.

ಕಂಡಕ್ಟರು ತನ್ನ ಕೈ ಕೆಳಗಿಳಿಸುತ್ತ ಹೇಳಿದ: "ಅಕ್ಕಾರ, ಗಿರಾಕಿ ಕಡಿಮಿ ಆಗ್ತಾರಂತ ಹೊಟ್ಟಿ ಉರಕೋಬ್ಯಾಡ್ರಿ."

ಮುಂದಿನ ವಾರ ಅದೇ ಹೆಣ್ಣುಮಗಳು ರೋಣದ ದವಾಖಾನೆಗೆ ಬಂದಳು. ಕಾಲಿನ ಗಾಯ ಬಹಳ ದಿನದಿಂದ ಮಾಯ್ದಿರಲಿಲ್ಲ. ರಕ್ತ ನೋಡಿದರೆ ಸಕ್ಕರೆ ಮುನ್ನೂರರ ಮೇಲೆ. ಗಾಯ ಇನ್ನೂ ಆಳಕ್ಕೆ ಇಳಿದಿರಲಿಲ್ಲ, ಅದೊಂದು ಪುಣ್ಯ. ಡಾಕ್ಟರು ಔಷಧಿ ಬರೆಯುತ್ತ, "ಎಷ್ಟ ದಿನದಿಂದ ಐತವ್ವಾ ನಿನಗ ಶುಗರ್?" ಎಂದು ಕೇಳಿದರು.

ಆಕೆ ನನ್ನ ಕಡೆ ಕೈ ತೋರಿಸಿ ನೊಂದುಕೊಂಡು ಹೇಳಿದಳು: "ಹೋದ ವಾರ ಬಸ್ಸಿನಾಗ ಇರಲೇ ಇಲ್ರಿ, ಈ ಅಕ್ಕಾರ್ನ ಕೇಳ್ರಿ. ನಿಮ್ಮ ದವಾಖಾನಿ ಮೆಟ್ಲ ಹತ್ತಿದ ಮ್ಯಾಲೇ ಬಂದೈತಿ."

ಶುಕ್ರವಾರ

ಇದು ಸಣ್ಣದು. ಶಿರೋಳದಿಂದ ಬರುವ ಒಬ್ಬ ಅಮ್ಮ, ಒಕ್ಕಲುತನದ ದೊಡ್ಡ ಮನೆಯ ಯಜಮಾನತಿ. ಗುಂಡಿ ಹಚ್ಚಿಸಿಕೊಂಡು ಹೋಗಿ ಒಂದು ವಾರದ ಮೇಲೆ ತೋರಿಸಲು ಬಂದರು. ತೋಳು ನೋಡಿದ ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದರು. ಬಿಲ್ಲೆಯ ಸುತ್ತ ಕೆಂಪಗೆ ದಪ್ಪಗೆ ಹರಿದಿತ್ತು.

"ರಕ್ತ! ಹತ್ತಿ ತಗೊಂಬರ್ರಿ ಲಗೂ!"

ನಾನು ಹತ್ತಿ ಹಿಡಿದು ಓಡಿದೆ. ಆ ಅಮ್ಮ ನನ್ನ ಕೈ ತಡೆದರು. "ಅಳಸಬ್ಯಾಡ್ರವ್ವಾ, ಶುಕ್ರಾರದ ಕುಂಕುಮ ಅದು. ದೇವಿ ಒಳಗ ಕುಂತು ನಾ ಏನ್ ತಿಂತೀನಿ ಎಲ್ಲಾ ನೋಡಾಕ್ಹತ್ತಾಳ. ಒಂದೀಟು ಕುಂಕುಮಾನೂ ಹಚ್ಚದಿದ್ರ ಹ್ಯಾಂಗ?"

ಡಾಕ್ಟರು ನಿಟ್ಟುಸಿರು ಬಿಟ್ಟು ಕೂತು, ಫೋನಿನ ಗೆರೆ ನೋಡಿದರು. ಶುಕ್ರವಾರ ಸಂಜೆ ಅದು ಗುಡ್ಡ ಹತ್ತಿತ್ತು. "ಇದೇನು ಶುಕ್ರಾರ ಇಷ್ಟ ಏರೈತಿ?"

"ನೈವೇದ್ಯಾರೀ," ಎಂದರು ಅಮ್ಮ. "ಆಕಿಗೆ ಹಿಡದದ್ದು. ಬಾಯಿ ಮಾತ್ರ ನಂದು."

ಎಡಮಗ್ಗಲು

ನರಗುಂದದ ಪೇಟೆಯಲ್ಲಿ ಒಬ್ಬ ಸಾಹುಕಾರರಿದ್ದಾರೆ. ಕಡಲೆ, ಹೆಸರು, ಗೋವಿನಜೋಳದ ವ್ಯಾಪಾರ. ಇನ್ಸುಲಿನ್ ತೆಗೆದುಕೊಳ್ಳುವವರು. ಒಮ್ಮೆ ಸಕ್ಕರೆ ತೀರ ಇಳಿದು, ಅಂಗಡಿಯಲ್ಲೇ ಬೆವರಿ, ಮಾತು ತೊದಲಿ ಬಿದ್ದಿದ್ದರು. ಅಂದಿನಿಂದ ಅವರ ಹೆಂಡತಿಗೆ ಜೀವ ಕೈಯಲ್ಲಿ. ನಾವು ಗುಂಡಿ ಹಚ್ಚಿ, ಸಕ್ಕರೆ ಇಳಿದರೆ ಅವರ ಫೋನೂ ಹೆಂಡತಿಯ ಫೋನೂ ಕೂಗುವ ಹಾಗೆ ಮಾಡಿಕೊಟ್ಟೆವು.

ಒಂದು ಮಧ್ಯಾಹ್ನ ಊಟ ಮುಗಿಸಿ ಸಾಹುಕಾರರು ಅಂಗಡಿಯ ಗಾದಿಯ ಮೇಲೆ, ಲೋಡಿಗೆ ಒರಗಿ ಎಡಮಗ್ಗಲಾಗಿ ಮಲಗಿದರು. ನರಗುಂದದ ಮಧ್ಯಾಹ್ನ ಹೇಗಿರುತ್ತದೆಂದರೆ, ತಕ್ಕಡಿ ಕೂಡ ತೂಕಡಿಸುತ್ತದೆ. ಮುಂದಿನದನ್ನು ಅವರ ಬಾಯಿಂದಲೇ ಕೇಳಿದ್ದೇನೆ.

ಅವರಿಗೊಂದು ಕನಸು. ಯಾರದೋ ಮದುವೆ. ಬಾಳೆ ಎಲೆ ಕೊನೆಯಿಲ್ಲದೆ ಉದ್ದಕ್ಕೆ ಹಾಸಿದೆ, ಅದರ ಎರಡೂ ಬದಿಗೆ ಬಿಳಿ ಧೋತರದವರು ಸಾಲಾಗಿ ಕೂತಿದ್ದಾರೆ. ಯಾರೂ ಮಾತಾಡುವುದಿಲ್ಲ. ತುಪ್ಪದ ವಾಸನೆ ಮಾತ್ರ ಮಂಜಿನ ಹಾಗೆ ತೇಲುತ್ತಿದೆ. ಒಂದು ಕೈ ಹೋಳಿಗೆ ಹಿಡಿದು ಬಂತು. ಕೈ ಮಾತ್ರ, ಮನುಷ್ಯ ಇಲ್ಲ. ಸಾಹುಕಾರರು ಕೈ ಮುಗಿದು, "ನನಗ ಬ್ಯಾಡ್ರಿ, ಮನ್ಯಾಗ ತಿಳೀತೈತಿ" ಎಂದರು. ಆ ಕೈ ಬಿಡಲಿಲ್ಲ. ಗದ್ದ ಹಿಡಿದು ಬಾಯೊಳಗೆ ತುರುಕಿತು. "ಎಂಥಾ ಸಿಹಿ ಅಂತೀರಿ ಅಕ್ಕಾರ! ಎಷ್ಟ ವರ್ಷ ಆಗಿತ್ತು!" ಎಂದು ಹೇಳುವಾಗಲೂ ಅವರ ಕಣ್ಣು ಅರ್ಧ ಮುಚ್ಚಿಕೊಂಡಿತ್ತು.

ಕಣ್ಣು ತೆರೆದು ನೋಡಿದರೆ ಅಂಗಡಿಯ ಮುದಿ ಗುಮಾಸ್ತರು ಎದೆಯ ಮೇಲೆ ಬಗ್ಗಿ ನಿಂತು ಬಾಯಿಗೆ ಬೆಲ್ಲ ತುರುಕುತ್ತಿದ್ದಾರೆ. ಅವರ ಇನ್ನೊಂದು ಕೈಯಲ್ಲಿದ್ದ ಫೋನಿನಿಂದ ಸಾಹುಕಾರತಿ ಕೂಗುತ್ತಿದ್ದಾರೆ: "ಹಾಕ್ರಿ, ಇನ್ನೂ ಹಾಕ್ರಿ! ಐವತ್ತಕ್ಕ ಇಳದೈತಿ!"

ಸಾಹುಕಾರರು ಎದ್ದು ಕೂತರು. ಮೈ ಬೆವರಿಲ್ಲ, ಕೈ ನಡುಗುವುದಿಲ್ಲ. ಸ್ವಲ್ಪ ಹೊತ್ತಿಗೆ ಗೆರೆ ಮೇಲೆದ್ದು ಬೆಲ್ಲದ ಲೆಕ್ಕವನ್ನೂ ಸೇರಿಸಿಕೊಂಡು ಇನ್ನೂರೈವತ್ತು ದಾಟಿತು.

ಮುಂದಿನ ಸಲ ಗಂಡ ಹೆಂಡತಿ ಇಬ್ಬರೂ ದವಾಖಾನೆಗೆ ಬಂದಾಗ ನಾನು ವಿವರಿಸಿದೆ: "ಗುಂಡಿ ಇರೂ ಎಡಗೈ ಮ್ಯಾಲೆ ಭಾರ ಹಾಕಿ ಮಲಗಿದ್ರ ಅದು ಒತ್ತಿಕೊಂಡು ಸುಳ್ಳು ಕಡಿಮಿ ತೋರಸ್ತೈತ್ರಿ. ಹಂಗ ಕೂಗಿದಾಗ ಮೊದ್ಲ ಎಬ್ಬಿಸ್ರಿ, ಬೆರಳ ಚುಚ್ಚಿ ನೋಡ್ರಿ. ಮಲಗೂದು ಬಲಮಗ್ಗಲಾ ಮಲಗ್ರಿ."

ಹೆಂಡತಿ ತಲೆಯಾಡಿಸಿ ಹೊರಗೆ ಹೋದರು. ಸಾಹುಕಾರರು ಬಾಗಿಲವರೆಗೂ ಹೋಗಿ ತಿರುಗಿ ಬಂದು ಮೆಲ್ಲಗೆ ಕೇಳಿದರು: "ಅಕ್ಕಾರ, ಎಡಮಗ್ಗಲಾ ಮಲಗಿದ್ರ ದಿನಾ ಬೀಳ್ತೈತೇನ್ರಿ ಆ ಕನಸು?"

ಮಗಳ ಫೋನು

ಹೊಳೆಆಲೂರಿನಲ್ಲಿ ಸ್ಟೇಷನ್ನಿನ ಕಡೆಗೆ ಒಂದು ತುಂಬಿದ ಮನೆ. ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಆ ಮನೆಯ ತಾಯಿಗೆ ನಾವು ಗುಂಡಿ ಹಚ್ಚಿದ್ದೆವು. ಕೊನೆಯ ಮಗಳನ್ನು ಆಗತಾನೆ ನರಗುಂದಕ್ಕೆ ಮದುವೆ ಮಾಡಿಕೊಟ್ಟಿದ್ದರು. ತಾಯಿಯ ಸಕ್ಕರೆಯ ಗೆರೆ ಮಗಳ ಫೋನಿಗೂ ಹೋಗುವಂತೆ ಅಣ್ಣಂದಿರೇ ಮಾಡಿಸಿದರು. "ಅವ್ವ ನಮ್ಮ ಮಾತ ಕೇಳಂಗಿಲ್ರಿ, ತಂಗಿ ಅಂದ್ರ ಅಂಜತಾಳ," ಎಂದರು.

ಮೊದಲು ತಾಯಿ ನಿಜವಾಗಿಯೂ ಅಂಜಿದರು. ಮಗಳು ಗುಂಡಿಯೊಳಗಿಂದ ಇಡೀ ಮನೆ ನೋಡುತ್ತಾಳೆ ಎಂದೇ ತಿಳಿದಿದ್ದರು. ಏನಾದರೂ ಬಾಯಿಗೆ ಹಾಕಿಕೊಳ್ಳುವುದಿದ್ದರೆ ತೋಳನ್ನು ಗೋಡೆ ಕಡೆ ತಿರುಗಿಸಿ, ಮೇಲೆ ಸೆರಗು ಹೊದ್ದು ತಿನ್ನುವರು. ಆದರೂ ಸ್ವಲ್ಪ ಹೊತ್ತಿಗೆ ಫೋನು ಬರುತ್ತಿತ್ತು. "ಯವ್ವಾ, ಏನ ತಿಂದಿ? ಖರೇ ಹೇಳು."

ಕೆಲವು ವಾರದ ಮೇಲೆ ಅವರ ಗೆರೆಯಲ್ಲಿ ನನಗೆ ಒಂದು ವಿಚಿತ್ರ ಕಂಡಿತು. ಮುಂಜಾನೆಯಿಂದ ಶಾಂತ. ಸಂಜೆ, ದೀಪ ಹಚ್ಚುವ ಮೊದಲು, ದಿನವೂ ಅದೇ ಹೊತ್ತಿಗೆ ಒಂದು ಏರು. ಡಾಕ್ಟರು ಗುಳಿಗೆ ಹೆಚ್ಚಿಸಬೇಕೆಂದು ಪೆನ್ನು ತೆಗೆದರು. ನಾನು ಆ ತಾಯಿಯನ್ನು ಒಳಗೆ ಕರೆದು ಕೂಡಿಸಿ ಕೇಳಿದೆ.

ಅವರು ಸೆರಗಿನ ತುದಿ ಬೆರಳಿಗೆ ಸುತ್ತಿದರು. "ಸಂಜಿ ಮುಂದ ಹುಬ್ಬಳ್ಳಿ ಕಡಿ ರೈಲ ಹೋಗ್ತೈತ್ರಿ. ಅದು ಹೊಳಿ ದಾಟೂ ಸಪ್ಪಳಾ ಕೇಳಿದ್ರ ನನ್ನ ಕೂಸು ನೆನಪಾಗ್ತೈತಿ. ಮನ್ಯಾಗ ಮಂದಿ ಭಾಳ ಅದಾರ್ರಿ, ಆದ್ರ ಆಕಿ ಇಲ್ಲಲ್ಲ. ಹೊಸಾ ಮನಿ, ಅತ್ತಿ ಮುಂದ ಸುಮ್ನ ಸುಮ್ನ ತವರಿಗೆ ಫೋನ್ ಹಚ್ಚಾಕ ಬರಂಗಿಲ್ಲ. ಅದಕ್ಕ ನಾ ಒಂದು ಶೇಂಗಾ ಉಂಡಿ ತಿಂತೀನಿ." ನನ್ನ ಮುಖ ನೋಡಿ ಕಣ್ಣು ಒರೆಸಿಕೊಂಡರು. "ಒಂದು ತಿಂದ್ರ ಬೈತಾಳ. ಎರಡು ತಿಂದ್ರ ಕುಂತು ಮಾತಾಡ್ತಾಳ."

ನಾನು ಆ ಮಗಳಿಗೆ ಫೋನು ಮಾಡಿ ಎಲ್ಲ ಹೇಳಿದೆ. ಆ ಕಡೆಯಿಂದ ಮೂಗು ಏರಿಸಿಕೊಂಡ ಸದ್ದು ಬಂತು. ಅಂದಿನಿಂದ ಆಕೆ ರೈಲು ಬರುವ ಮೊದಲೇ, ಅತ್ತೆಯನ್ನೂ ಪಕ್ಕಕ್ಕೆ ಕೂಡಿಸಿಕೊಂಡು, ದಿನವೂ ತಾಯಿಗೆ ಫೋನು ಮಾಡತೊಡಗಿದಳು. ಸಂಜೆಯ ಏರು ಕರಗಿ ಗೆರೆ ಹೊಳೆಯ ನೀರಿನ ಹಾಗೆ ಸಮನಾಯಿತು. ಡಾಕ್ಟರು ಬರೆಯಬೇಕಾಗಿದ್ದ ಗುಳಿಗೆ ಉಳಿಯಿತು.

ಮುಂದಿನ ಸಲ ಬಂದ ತಾಯಿಯನ್ನು ಕೇಳಿದೆ, "ಈಗ ಹ್ಯಾಂಗ್ರಿ ಅಮ್ಮಾ? ಉಂಡಿ ಬಿಟ್ರೇನು?"

"ಬಿಟ್ಟೀನ್ರಿ," ಎಂದು ದೊಡ್ಡ ಉಸಿರು ಬಿಟ್ಟರು. "ಆಕಿ, ಆಕಿ ಅತ್ತಿ, ಇಬ್ರೂ ಮಾತಿಗೆ ಹತ್ತಿದ್ರ ತಿನ್ನಾಕ ಬಾಯಿ ಎಲ್ಲಿ ಖಾಲಿ ಇರ್ತೈತ್ರಿ?"

ಸೆರಗು

ಇದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಗಜೇಂದ್ರಗಡದಲ್ಲಿ ನಮ್ಮ ದವಾಖಾನೆಯ ಹಿಂದಿನ ಓಣಿಯ ತುಂಬ ಮಗ್ಗಗಳು. ಮಧ್ಯಾಹ್ನ ರೋಗಿಗಳು ಕಡಿಮೆಯಾದಾಗ ಆ ಲಟಪಟ ಸಪ್ಪಳ ಕಿಟಕಿಯಿಂದ ಬಂದು ಜೋಗುಳದಂತೆ ನನ್ನನ್ನು ತೂಗುತ್ತದೆ. ಆ ಓಣಿಯ ಒಬ್ಬ ನೇಕಾರರು ಒಂದು ದಿನ ಹೆಂಡತಿಯ ಕೈ ಹಿಡಿದುಕೊಂಡು ಬಂದರು. ಕಣ್ಣು ಮಸುಕು. ಎಳೆ ಒಂದಿದ್ದದ್ದು ಎರಡಾಗಿ ಕಾಣುತ್ತಿತ್ತು.

ಹೆಂಡತಿ ಹೇಳಿದಳು: "ಕಣ್ಣು ಹೋದ್ರ ಇವರು ಬದುಕೂದಿಲ್ರಿ. ಇವರಿಗೆ ಮಗ್ಗ ಬಿಟ್ರ ಮಾತೂ ಬರಂಗಿಲ್ಲ."

ಅದು ನಿಜ. ನಾವು ಕೇಳಿದ್ದಕ್ಕೆಲ್ಲ ಅವರು ತಲೆ ಮಾತ್ರ ಆಡಿಸಿದರು. ಸಕ್ಕರೆ ಎಲ್ಲೆಲ್ಲಿಗೋ ಏರಿ ಎಲ್ಲೆಲ್ಲಿಗೋ ಇಳಿಯುತ್ತಿತ್ತು. ಕಣ್ಣಿನ ಡಾಕ್ಟರ ಕಡೆಗೂ ಕಳಿಸಿದೆವು, ಗುಂಡಿಯನ್ನೂ ಹಚ್ಚಿದೆವು. ಕಣ್ಣು ಹಾಳಾಗುವುದು ಇನ್ನೂ ಶುರುವಾಗಿಲ್ಲ, ಸಕ್ಕರೆ ಹತೋಟಿಗೆ ಬಂದರೆ ಮಸುಕು ಸರಿಯುತ್ತದೆ ಎಂದು ಕಣ್ಣಿನವರು ಹೇಳಿದರು.

ವಾರದ ಮೇಲೆ ಬಂದಾಗ ನಾನು ಫೋನಿನ ಗೆರೆ ದೊಡ್ಡದು ಮಾಡಿ ತೋರಿಸಿದೆ. "ನೋಡ್ರಿ, ಇಲ್ಲಿ ಹ್ಯಾಂಗ ಏರೈತಿ, ಇಲ್ಲಿ ಹ್ಯಾಂಗ ಬಿದ್ದೈತಿ."

ಅವರು ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ನೋಡುತ್ತಲೇ ಇದ್ದರು. ಅಷ್ಟು ಹೊತ್ತು ಯಾರೂ ತಮ್ಮ ರೋಗವನ್ನು ಅಷ್ಟು ಪ್ರೀತಿಯಿಂದ ನೋಡಿದ್ದನ್ನು ನಾನು ಕಂಡಿಲ್ಲ. ಆಮೇಲೆ ಮೊದಲ ಸಲ ಬಾಯಿ ಬಿಟ್ಟರು.

"ಭಾಳ ಚಲೋ ಐತ್ರಿ."

"ಎಲ್ಲಿ ಚಲೋ? ಮುನ್ನೂರ ದಾಟೈತ್ರಿ!"

"ಏರು ಚಲೋ ಐತ್ರಿ," ಎಂದರು. "ಸೆರಗಿಗೆ ಬರ್ತೈತಿ."

ನಾನು ತಮಾಷೆ ಎಂದುಕೊಂಡೆ. ಆ ಮನುಷ್ಯ ತಮಾಷೆ ಮಾಡುವವರೇ ಅಲ್ಲ. ಔಷಧಿ ಹೇಳಿದ ಹಾಗೆ ತೆಗೆದುಕೊಂಡರು, ಊಟ ಹೇಳಿದ ಹಾಗೆ ಉಂಡರು. ಸಕ್ಕರೆ ಇಳಿಯಿತು. ಕಣ್ಣಿನ ಮಸುಕು ಮೆಲ್ಲಗೆ ಸರಿಯಿತು. ಎಳೆ ಒಂದೇ ಆಗಿ ಕಂಡ ದಿನ ಗಂಡ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಅತ್ತರು ಎಂದು ಹೆಂಡತಿ ಬಂದು ಹೇಳಿದಳು. ಹೇಳುತ್ತ ಆಕೆಯೂ ಅತ್ತಳು. ಅಂದು ಅವರು ಮೊದಲು ನೇಯ್ದದ್ದು ಆ ಸೆರಗು. ಕೆಂಪು ರೇಶಿಮೆಯ ಮೇಲೆ ಬಿಳಿ ಗೆರೆ, ಎಳೆ ಎಳೆಯಾಗಿ ಕೈಲೇ ಕೂಡಿಸಿದ್ದು. ಅವರ ಮೊದಲ ವಾರದ ಸಕ್ಕರೆ, ಇದ್ದದ್ದು ಇದ್ದಂತೆ. ಪೇಟೆಯ ಸೀರೆ ಅಂಗಡಿಯಲ್ಲಿ ಅದು ಇಟ್ಟ ದಿನವೇ ಹೋಯಿತು.

ಕೆಲವು ತಿಂಗಳ ಮೇಲೆ ಅವರು ಒಬ್ಬರೇ ದವಾಖಾನೆಗೆ ಬಂದರು. ಹೊಸ ಗುಂಡಿಯ ಗೆರೆ ಎರೆ ಹೊಲದ ಹಾಗೆ ಸಪಾಟು. ಡಾಕ್ಟರಿಗೆ ಬಹಳ ಖುಷಿ. "ಶಾಬಾಸ್! ಹಿಂಗ ಇರಬೇಕು."

ನೇಕಾರರ ಮುಖ ಬಾಡಿತ್ತು. "ಅದೇ ತ್ರಾಸ ಆಗೈತ್ರಿ ಸಾಹೇಬ್ರ. ಈ ಗೆರಿ ನೇಯ್ದು ಒಯ್ದಿದ್ನಿ. ಅಂಗಡಿಯವರು ಒಲ್ಲೆ ಅಂತಾರ. ಮೊದಲಿನ ಡಿಸೈನೇ ಬೇಕಂತ, ಮದುವಿ ಸೀಜನ್ ಬಂತಂತ." ಆಮೇಲೆ ಗಂಭೀರವಾಗಿ ಕೇಳಿದರು: "ಒಂದ ವಾರ ಏರಿಸಿ ಇಳಸ್ಲೇನ್ರಿ?"

ಡಾಕ್ಟರ ಕೈಯಿಂದ ಪೆನ್ನು ಬಿತ್ತು. "ಕಣ್ಣು ಬೇಕೋ ಸೆರಗ ಬೇಕೋ ನಿಮಗ?"

"ಎರಡೂ ಬೇಕ್ರಿ," ಎಂದರು ಅವರು, ಮಗುವಿನಂತೆ.

ಹಳೆಯ ಗೆರೆ ಇನ್ನೂ ಫೋನಿನಲ್ಲೇ ಇದೆ, ಮತ್ತೆ ತಿನ್ನುವ ಕಾರಣವಿಲ್ಲ ಎಂದು ನಾನು ತೆಗೆದು ತೋರಿಸಿದೆ. ಅವರು ಅದನ್ನು ಹಳೆಯ ಗೆಳೆಯನನ್ನು ಕಂಡಂತೆ ಕಂಡರು. ಒಂದೊಂದು ಏರಿನ ಮೇಲೆ ಬೆರಳಿಟ್ಟು, ಅದು ಏನು ತಿಂದದ್ದರ ಏರು ಎಂಬ ಕಥೆಯನ್ನು ನನಗೆ ಹೇಳಿದರು. ಅಂದು ಅವರಾಡಿದಷ್ಟು ಮಾತನ್ನು ಅವರ ಹೆಂಡತಿಯೂ ಕೇಳಿರಲಿಕ್ಕಿಲ್ಲ. ಆ ಹಳೆಯ ಗೆರೆಯಿಂದಲೇ ಹೊಸದಾಗಿ ನೇಯ್ದ ಸೀರೆಗಳಲ್ಲಿ ಮೊದಲನೆಯದನ್ನು ನಾನೇ ಕೊಂಡೆ.

ಮೊನ್ನೆ ನರಗುಂದದಲ್ಲಿ ನೆಂಟರ ಮದುವೆಗೆ ಅದನ್ನೇ ಉಟ್ಟು ಹೋಗಿದ್ದೆ. ಊಟವಾಗಿ, ಚಪ್ಪರದ ಕೆಳಗೆ ಬಿಸಿಲು ಬಂಗಾರದ ಪುಡಿಯಂತೆ ಉದುರುತ್ತಿತ್ತು. ಸನಾದಿ ಊದುವವರಿಗೂ ಜೊಂಪು ಹತ್ತಿತ್ತು. ಪಕ್ಕದಲ್ಲಿ ಕೂತ ಒಬ್ಬ ಹಿರಿಯ ಅಮ್ಮ ನನ್ನ ಸೆರಗನ್ನು ತೊಡೆಯ ಮೇಲೆ ಹರಡಿಕೊಂಡು ಬೆರಳಾಡಿಸುತ್ತ ಮೈಮರೆತಿದ್ದರು.

"ಏನು ಚೆಂದ ತಗದಾರವ್ವಾ! ಗಜೇಂದ್ರಗಡದ ಗುಡ್ಡ ಹೌದಲ್ಲ ಇದು?"

"ಗುಡ್ಡ ಅಲ್ರಿ ಅಮ್ಮಾ," ಎಂದೆ. "ಜಿಲೇಬಿ."

ಅವರು ನನ್ನ ಮುಖ ನೋಡಿದರು. ಮತ್ತೆ ಸೆರಗು ನೋಡಿದರು. ಬೆರಳು ಆ ಎತ್ತರದ ತುದಿಗೆ ಹತ್ತಿ, ಅಲ್ಲಿಂದ ಜರ್ರನೆ ಕೆಳಗಿಳಿದು ನಿಂತಿತು.

"ಮತ್ತ ಇಲ್ಲಿ ಒಮ್ಮಿಂದೊಮ್ಮೆಲೆ ಇಳದೈತಲ್ಲ, ಇದೇನು?"

"ಅಲ್ಲಿ ಅವರ ಹೆಂಡ್ತಿ ನೋಡಿದಳ್ರಿ."